ನರಕ್ಷಯಕ್ಕೆ ಮೂಲದಲ್ಲಿಯೇ ತಡೆ

ನಿತ್ಯವೂ ಹರಿಯುವ ನದಿಯೊಂದೂ ಇಲ್ಲದ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಊರಿನ ಬಾಳುವೆಯೆಲ್ಲ ಕೆರೆಯನ್ನೇ ನೆಮ್ಮಿಕೊಂಡು ಬಂದಿದೆ. ನಂದಿಯ ಬೆಟ್ಟಗಳ ಸಾಲಿನಲ್ಲಿ ಪಿನಾಕಿನಿಗಳೆರಡೂ ಚಿತ್ರಾವತಿಯೂ ಹುಟ್ಟುವುವೆಂಬ ಹೆಮ್ಮೆಯೇನೋ ನಮಗುಂಟು. ಆದರೆ ಹುಟ್ಟಿದ ನೀರು ನಮ್ಮಲ್ಲಿ ನಿಲ್ಲುವುದಿಲ್ಲ. ಆದುದರಿಂದ ಕೆರೆಯಲ್ಲಿ ಹೂಳು ತುಂಬಿದರೆ ಏನಾಗುವುದೆಂಬುದನ್ನು ಇಲ್ಲಿಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೂಳಿಗೆ ಉಪಾಯಗಳು ಎರಡು. ತುಂಬಿದ ಹೂಳನ್ನು ಎತ್ತಿ ಹೊರಗೆ ಹಾಕುವುದು ಒಂದು. ಮಣ್ಣು ಕೊಚ್ಚಿ ಬರುವ ಮೇಲಿನ ನೆಲದಲ್ಲಿಯೇ ಬದು ಹಾಕಿ ಹೂಳು ಬಾರದಂತೆ ತಡೆಯುವುದು ಇನ್ನೊಂದು. ಮೊದಲನೆಯದು ಕಣ್ಣಿಗೆ ಕಾಣುವ ಕೆಲಸ. ಎರಡನೆಯದು ಬಹುಕಾಲ ನಿಲ್ಲುವ ಕೆಲಸ.

ಮನುಷ್ಯನ ಮಿದುಳಿಗೂ ಇಂಥ ಹೂಳು ಕವಿಯುವುದುಂಟು. ಮರೆವಿನ ರೋಗವಾದ ಆಲ್‌ಜೈಮರ್, ಕೈಕಾಲುಗಳು ಅದುರುವ ಪಾರ್ಕಿನ್ಸನ್, ಅಂಗಾಂಗಗಳು ಹಿಡಿತ ತಪ್ಪಿ ಕುಣಿಯುವ ಹಂಟಿಂಗ್ಟನ್, ಸ್ನಾಯುಗಳು ಒಂದೊಂದಾಗಿ ಸೋತುಹೋಗುವ ಎ.ಎಲ್‌.ಎಸ್‌. ಇವುಗಳ ಹೆಸರು ಬೇರೆ, ಲಕ್ಷಣ ಬೇರೆ. ಆದರೆ ಒಳಗಿನ ಕಥೆಯಲ್ಲಿ ಒಂದು ಸಾಮ್ಯವುಂಟು. ನರಕೋಶವು ತಾನೇ ತಯಾರಿಸಿದ ಯಾವುದೋ ಒಂದು ಪ್ರೋಟೀನು ಸರಿಯಾಗಿ ಮಡಿಸಿಕೊಳ್ಳದೆ ಉಂಡೆಗಟ್ಟಿ ಆ ಕೋಶಕ್ಕೇ ಮುಳುವಾಗುತ್ತದೆ. ಇದುವರೆಗೆ ವೈದ್ಯರು ರೋಗದ ಬಾಧೆಯನ್ನು ಕಡಿಮೆ ಮಾಡಲು ಯತ್ನಿಸಿದರು. ಹೆಚ್ಚೆಂದರೆ ತುಂಬಿದ ಹೂಳನ್ನು ತೆಗೆಯಲು ಯತ್ನಿಸಿದರು. ಈಗ ಶಾಸ್ತ್ರವು ಎರಡನೆಯ ಉಪಾಯಕ್ಕೆ ಕೈಹಾಕಿದೆ. ಕೆಟ್ಟ ಪ್ರೋಟೀನು ಕೋಶದಲ್ಲಿ ತಯಾರಾಗುವುದನ್ನೇ ತಗ್ಗಿಸಬೇಕೆಂಬುದು ಅದರ ಸಂಕಲ್ಪ. ಈ ವಿಷಯವು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ವಿದ್ಯಾವಂತ ಗೃಹಸ್ಥರಿಗೂ ಅಧಿಕಾರಿಗಳಿಗೂ ಏಕೆ ಸಂಬಂಧಿಸಿದ್ದೆಂಬುದನ್ನು ಇಲ್ಲಿ ವಿವರಿಸಬೇಕೆಂದಿದ್ದೇವೆ.

ಮೊದಲು ಪ್ರೋಟೀನು ಉಂಡೆಗಟ್ಟುವುದೆಂದರೇನೆಂಬುದನ್ನು ತಿಳಿಯೋಣ. ಇದಕ್ಕೆ ಶಿಡ್ಲಘಟ್ಟದವರಿಗೆ ದೂರದ ದೃಷ್ಟಾಂತ ಬೇಡ. ಹಣ್ಣಾದ ರೇಷ್ಮೆಹುಳುವಿನ ಹೊಟ್ಟೆಯೊಳಗಿನ ಗ್ರಂಥಿಯಲ್ಲಿ ರೇಷ್ಮೆಯು ನೂಲಾಗಿರುವುದಿಲ್ಲ. ಗಟ್ಟಿಯಾದ ಪಾಕದಂತೆ ದ್ರವವಾಗಿರುತ್ತದೆ. ಹುಳು ಚಂದ್ರಿಕೆಯನ್ನೇರಿ ಬಾಯಿಂದ ಎಳೆ ಬಿಡುವಾಗ ಆ ಪ್ರೋಟೀನಿನ ಸರಪಣಿಗಳು ಒಂದರ ಮಗ್ಗುಲಿಗೊಂದು ಸಾಲಾಗಿ ಹೊಂದಿಕೊಂಡು ಬಿಗಿದುಕೊಳ್ಳುವುವು. ಒಮ್ಮೆ ಬಿಗಿದ ಮೇಲೆ ಅದು ಮರಳಿ ನೀರಾಗದು. ನೂಲು ಬಿಚ್ಚುವವರು ಗೂಡನ್ನು ಕುದಿನೀರಿನಲ್ಲಿ ಹಾಕಿದರೂ ಮೇಲಿನ ಅಂಟು ಕರಗುವುದೇ ಹೊರತು ಒಳಗಿನ ಎಳೆ ಕರಗುವುದಿಲ್ಲ. ರೇಷ್ಮೆಯ ಬೆಲೆಯೆಲ್ಲ ಈ ಗುಣದಲ್ಲಿಯೇ ಇದೆ. ಮಿದುಳಿನಲ್ಲಿ ಉಂಡೆಗಟ್ಟುವ ಪ್ರೋಟೀನು ರೇಷ್ಮೆಯಲ್ಲ. ಆದರೂ ಅದರ ಸರಪಣಿಗಳು ಪದರಪದರವಾಗಿ ಬಿಗಿದುಕೊಂಡು ಕರಗದ ಎಳೆಗಳಾಗುವ ರೀತಿಯಲ್ಲಿ ಸಾದೃಶ್ಯವುಂಟು. ಹುಳುವಿಗೆ ಮನೆಯಾಗುವ ಗುಣವು ನರಕೋಶಕ್ಕೆ ಗೋರಿಯಾಗುತ್ತದೆ.

ಇನ್ನು ಪ್ರೋಟೀನು ತಯಾರಾಗುವ ಕ್ರಮ. ಕಚೇರಿಯ ವ್ಯವಹಾರವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುವುದು. ಜೀವಕೋಶದ ನಡುವೆ ದಫ್ತರಖಾನೆಯೊಂದಿದೆ, ಅದರಲ್ಲಿ ಡಿ.ಎನ್‌.ಎ. ಎಂಬ ಮೂಲ ದಾಖಲೆಗಳು ಭದ್ರವಾಗಿವೆ. ಒಂದೊಂದು ಪ್ರೋಟೀನಿಗೂ ಅಲ್ಲಿ ಒಂದೊಂದು ಬರಹ. ಅದನ್ನೇ ಜೀನು ಎನ್ನುವರು. ಮೂಲ ದಾಖಲೆ ಹೊರಗೆ ಹೋಗುವುದಿಲ್ಲ. ಅಗತ್ಯವಾದಾಗ ಅದರ ನಕಲು ತಯಾರಾಗಿ ಹೊರಗಿನ ಕಾರ್ಖಾನೆಗೆ ರವಾನೆಯಾಗುತ್ತದೆ. ಈ ನಕಲಿಗೆ ದೂತ ಆರ್‌.ಎನ್‌.ಎ. ಎಂದು ಹೆಸರು. ಕಾರ್ಖಾನೆಯು ನಕಲಿನಲ್ಲಿದ್ದಂತೆ ಚಾಚೂ ತಪ್ಪದೆ ಪ್ರೋಟೀನನ್ನು ಹೊಸೆಯುತ್ತದೆ. ಮೂಲದಲ್ಲಿ ತಪ್ಪಿದ್ದರೆ ನಕಲಿನಲ್ಲಿಯೂ ತಪ್ಪು. ನಕಲಿನಲ್ಲಿ ತಪ್ಪಿದ್ದರೆ ಮಾಲಿನಲ್ಲಿಯೂ ತಪ್ಪು.

ಹಂಟಿಂಗ್ಟನ್ ರೋಗವು ಇದಕ್ಕೆ ಸ್ಪಷ್ಟವಾದ ಉದಾಹರಣೆ. ಜಾರ್ಜ್ ಹಂಟಿಂಗ್ಟನ್ ಎಂಬ ಅಮೆರಿಕದ ವೈದ್ಯನು 1872ರಲ್ಲಿ ಇದನ್ನು ವರ್ಣಿಸಿದನು. ಇದರ ಜೀನು ಕೈಗೆ ಸಿಕ್ಕಿದುದು 1993ರಲ್ಲಿ. ಆ ಬರಹದಲ್ಲಿ ಸಿ.ಎ.ಜಿ. ಎಂಬ ಮೂರಕ್ಷರದ ಪದವು ಮೇಲಿಂದ ಮೇಲೆ ಬರುತ್ತದೆ. ಆರೋಗ್ಯವಂತರಲ್ಲಿ ಅದು 26 ಸಲಕ್ಕೆ ಮೀರುವುದಿಲ್ಲ. 40 ಸಲ ಅಥವಾ ಅದಕ್ಕೂ ಹೆಚ್ಚಾಗಿ ಬಂದರೆ, ಪೂರ್ಣಾಯುಷ್ಯ ಬದುಕಿದವರಿಗೆ ರೋಗ ತಪ್ಪಿದ್ದಲ್ಲ. ಸಾಮಾನ್ಯವಾಗಿ ಮೂವತ್ತರಿಂದ ಐವತ್ತರೊಳಗೆ, ಎಂದರೆ ಸಂಸಾರದ ಭಾರವೆಲ್ಲ ಹೆಗಲ ಮೇಲಿರುವ ಕಾಲದಲ್ಲಿ, ರೋಗವು ತಲೆದೋರುವುದು. ತಂದೆ ತಾಯಿಗಳಲ್ಲಿ ಒಬ್ಬರಿಗಿದ್ದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವವು ಅರ್ಧಕ್ಕರ್ಧ. ಸೋದರಸಂಬಂಧದ ಮದುವೆಯಿಂದಲೇ ವಂಶದ ರೋಗಗಳೆಲ್ಲ ಬರುವುವೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹತ್ತಿರದ ಸಂಬಂಧದಿಂದ ಹೆಚ್ಚುವ ರೋಗಗಳು ಬೇರೆ ಇವೆ, ನಿಜ. ಆದರೆ ಈ ರೋಗಕ್ಕೆ ಸಂಬಂಧ ಹತ್ತಿರದ್ದಾದರೇನು, ದೂರದ್ದಾದರೇನು, ಎರಡೂ ಒಂದೇ. ಆದಕಾರಣ ಸೊಸೆಯನ್ನು ದೂಷಿಸುವುದೂ ಬೀಗರನ್ನು ಹಳಿಯುವುದೂ ಅನ್ಯಾಯ.

ಮೂಲ ದಾಖಲೆಯನ್ನು ತಿದ್ದುವುದು ಬಹು ಕಷ್ಟದ ಕೆಲಸ. ಹಾಗಾದರೆ ನಕಲನ್ನೇ ದಾರಿಯಲ್ಲಿ ತಡೆಹಿಡಿದರೆ ಹೇಗೆ? ಇದೇ ಹೊಸ ಚಿಕಿತ್ಸೆಯ ಮರ್ಮ. ನಕಲಿನ ಅಕ್ಷರಗಳಿಗೆ ಜೋಡಿಯಾಗುವಂತೆ ರಚಿಸಿದ ಒಂದು ಚಿಕ್ಕ ತುಂಡನ್ನು ಕೋಶದೊಳಕ್ಕೆ ಕಳುಹಿಸಿದರೆ ಅದು ಸಾವಿರಾರು ನಕಲುಗಳ ನಡುವೆ ತನಗೆ ತಕ್ಕುದನ್ನೇ ಹುಡುಕಿ ಅಂಟಿಕೊಳ್ಳುತ್ತದೆ. ಅಂಟಿದೊಡನೆಯೇ ಕೋಶದಲ್ಲಿಯೇ ಇರುವ ಕಿಣ್ವವೊಂದು ಆ ನಕಲನ್ನು ಕತ್ತರಿಸಿ ಹಾಕುತ್ತದೆ. ಜಮೆಕ್ನಿಕ್ ಮತ್ತು ಸ್ಟೀಫನ್ಸನ್ ಎಂಬ ವಿದ್ವಾಂಸರು 1978ರಲ್ಲಿಯೇ ಈ ದಾರಿಯನ್ನು ತೋರಿಸಿದ್ದರು. 1998ರಲ್ಲಿ ಫೈರ್ ಮತ್ತು ಮೆಲ್ಲೊ ಎಂಬವರು ನಕಲನ್ನು ಅಳಿಸುವ ಮತ್ತೊಂದು ಸಹಜ ಕ್ರಮವು ಜೀವಕೋಶದಲ್ಲಿಯೇ ಇರುವುದನ್ನು ಹುಳುವೊಂದರಲ್ಲಿ ಕಂಡು ತಿಳಿಸಿದರು. ಅದಕ್ಕಾಗಿ ಅವರಿಗೆ 2006ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇದು ಬರಿಯ ಪುಸ್ತಕದ ಮಾತೆಂದು ತಿಳಿಯಬಾರದು. ಟ್ರಾನ್ಸ್‌ಥೈರೆಟಿನ್ ಎಂಬ ಪ್ರೋಟೀನು ಯಕೃತ್ತಿನಲ್ಲಿ ಹುಟ್ಟಿ ಕೈಕಾಲಿನ ನರಗಳಲ್ಲಿ ಶೇಖರವಾಗಿ ಅವುಗಳನ್ನು ಕೊಲ್ಲುವ ಒಂದು ವಂಶಪಾರಂಪರ್ಯದ ರೋಗವಿದೆ. ಅದಕ್ಕೆ ಪ್ಯಾಟಿಸಿರಾನ್ ಎಂಬ ಔಷಧವು 2018ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಅದು ರಕ್ತದಲ್ಲಿನ ಆ ಪ್ರೋಟೀನನ್ನು ನೂರಕ್ಕೆ ಸುಮಾರು ಎಂಬತ್ತರಷ್ಟು ಇಳಿಸಿತು. ಅನೇಕ ರೋಗಿಗಳಲ್ಲಿ ನರಗಳ ಕ್ಷಯವು ನಿಂತಿತು. ಮೂಲದಲ್ಲಿ ತಡೆದರೆ ನರ ಉಳಿಯುವುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾಗಿಲ್ಲ. ಪ್ರಕೃತಿಯೂ ಇಂಥದೇ ಸಾಕ್ಷಿಯನ್ನು ನುಡಿದಿದೆ. ಐಸ್‌ಲ್ಯಾಂಡಿನ ಕೆಲವರಲ್ಲಿ ಹುಟ್ಟಿನಿಂದಲೇ ಇರುವ ಒಂದು ಚಿಕ್ಕ ಅಕ್ಷರಭೇದವು ಆಲ್‌ಜೈಮರ್ ರೋಗದ ಹೂಳಾದ ಅಮಿಲಾಯ್ಡ್ ತಯಾರಾಗುವುದನ್ನು ನೂರಕ್ಕೆ ಸುಮಾರು ನಲವತ್ತರಷ್ಟು ತಗ್ಗಿಸುವುದೆಂದೂ ಅಂಥವರನ್ನು ಆ ರೋಗವು ಅಷ್ಟಾಗಿ ಮುಟ್ಟುವುದಿಲ್ಲವೆಂದೂ 2012ರಲ್ಲಿ ಪ್ರಕಟವಾಯಿತು.

ಆದರೆ ಯಕೃತ್ತನ್ನು ಮುಟ್ಟಿದಷ್ಟು ಸುಲಭವಾಗಿ ಮಿದುಳನ್ನು ಮುಟ್ಟಲಾಗದು. ರಕ್ತದಲ್ಲಿ ಹರಿಯುವ ಔಷಧಕ್ಕೆ ಮಿದುಳಿನ ಬಾಗಿಲು ತೆರೆಯುವುದಿಲ್ಲವಾದ್ದರಿಂದ ಬೆನ್ನುಹುರಿಯ ಸುತ್ತಣ ನೀರಿಗೆ ಸೂಜಿಯಿಂದ ಔಷಧವನ್ನು ಸೇರಿಸಬೇಕಾಗುತ್ತದೆ. ಎ.ಎಲ್‌.ಎಸ್‌. ರೋಗಿಗಳಲ್ಲಿ ನೂರಕ್ಕೆ ಇಬ್ಬರಲ್ಲಿ ಎಸ್‌.ಒ.ಡಿ.1 ಎಂಬ ಜೀನು ಕೆಟ್ಟಿರುತ್ತದೆ. ಅಂಥವರಿಗಾಗಿ ಟೋಫರ್ಸೆನ್ ಎಂಬ ಔಷಧವು 2023ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಷರತ್ತಿನ ಮೇಲೆ ಮಂಜೂರಾಯಿತು. 28 ವಾರಗಳ ಮೊದಲ ಪರೀಕ್ಷೆಯಲ್ಲಿ ರೋಗಿಗಳ ಶಕ್ತಿ ಉಳಿಯಿತೆಂದು ನಿರ್ಧಾರವಾಗಿ ತೋರಿಸಲಾಗಲಿಲ್ಲ. ಆದರೆ ನರಗಳು ನಾಶವಾಗುತ್ತಿರುವ ಕುರುಹು ರಕ್ತದಲ್ಲಿ ಇಳಿದುದು ಕಂಡುಬಂದಿತು. ಮಂಜೂರಾತಿಗೆ ಆಧಾರವಾದುದು ಈ ಕುರುಹೇ.

ಹಂಟಿಂಗ್ಟನ್ ರೋಗದ ಕಥೆ ಇನ್ನೂ ಏಳುಬೀಳಿನದು. ಟೋಮಿನರ್ಸೆನ್ ಎಂಬ ಔಷಧದ ದೊಡ್ಡ ಪರೀಕ್ಷೆಯನ್ನು 2021ರ ಮಾರ್ಚಿಯಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಔಷಧವನ್ನು ಹೆಚ್ಚು ಸಲ ಪಡೆದವರ ಸ್ಥಿತಿಯು ಹುಸಿಮದ್ದು ಪಡೆದವರಿಗಿಂತ ಕೀಳಾಯಿತು. ಆ ಔಷಧವು ಕೆಟ್ಟ ಪ್ರೋಟೀನಿನೊಂದಿಗೆ ಒಳ್ಳೆಯದನ್ನೂ ತಗ್ಗಿಸುತ್ತಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಆಲ್‌ಜೈಮರ್ ರೋಗದಲ್ಲಿಯೂ ಅಮಿಲಾಯ್ಡನ್ನು ಕತ್ತರಿಸಿ ಕೊಡುವ ಕಿಣ್ವವನ್ನೇ ಕಟ್ಟಿಹಾಕುವ ಗುಳಿಗೆಯೊಂದನ್ನು ಪ್ರಯೋಗಿಸಿ ನೋಡಿದರು. ರೋಗ ತಗ್ಗಲಿಲ್ಲ, ಕೆಲವರ ನೆನಪು ಮೊದಲಿಗಿಂತ ಮಸುಕಾಯಿತು. 2018ರ ಹೊತ್ತಿಗೆ ಆ ಪರೀಕ್ಷೆಗಳು ನಿಂತುಹೋದುವು. ತೂಬನ್ನು ಪೂರಾ ಮುಚ್ಚಿದರೆ ಹೂಳಿನೊಂದಿಗೆ ನೀರೂ ನಿಲ್ಲುವುದು. ದೇಹದಲ್ಲಿ ಯಾವ ಪ್ರೋಟೀನೂ ಕೆಲಸವಿಲ್ಲದೆ ಹುಟ್ಟಿದುದಲ್ಲ. ಎಷ್ಟನ್ನು ತಡೆಯಬೇಕು, ಯಾವುದನ್ನು ಬಿಡಬೇಕು, ರೋಗದ ಯಾವ ಹಂತದಲ್ಲಿ ತಡೆಯಬೇಕು ಎಂಬುದೇ ಈ ವಿದ್ಯೆಯ ಕಠಿಣ ಭಾಗ.

2025ರ ಸೆಪ್ಟೆಂಬರಿನಲ್ಲಿ ಬಂದ ವರ್ತಮಾನವು ಮರಳಿ ಆಸೆಯನ್ನು ಚಿಗುರಿಸಿತು. ಎ.ಎಂ.ಟಿ. 130 ಎಂಬ ಚಿಕಿತ್ಸೆಯಲ್ಲಿ ನಕಲನ್ನು ಅಳಿಸುವ ಸೂಚನೆಯನ್ನು ನಿರಪಾಯಕರವಾಗಿ ಮಾಡಿದ ವೈರಸ್ಸೊಂದರ ಮೂಲಕ ಶಸ್ತ್ರಕ್ರಿಯೆಯಿಂದ ಮಿದುಳಿನೊಳಕ್ಕೆ ಒಂದೇ ಸಲ ಸೇರಿಸುತ್ತಾರೆ. ಹೆಚ್ಚಿನ ಪ್ರಮಾಣದಲ್ಲಿ ಇದನ್ನು ಪಡೆದು ಮೂರು ವರ್ಷ ಪೂರೈಸಿದ 12 ಮಂದಿಯಲ್ಲಿ ಹಂಟಿಂಗ್ಟನ್ ರೋಗದ ಮುನ್ನಡೆಯು ನೂರಕ್ಕೆ 75ರಷ್ಟು ನಿಧಾನವಾಯಿತೆಂದು ತಯಾರಕರು ಪ್ರಕಟಿಸಿದರು. ಹನ್ನೆರಡು ಮಂದಿಯೆಂದರೆ ಚಿಕ್ಕ ಸಂಖ್ಯೆ. ಅದೂ ಬೇರೆ ಕಡೆಯ ರೋಗಿಗಳ ದಾಖಲೆಗಳೊಡನೆ ಹೋಲಿಸಿ ತೆಗೆದ ಲೆಕ್ಕ. ಆದುದರಿಂದ ಜಯಭೇರಿಯನ್ನು ಹೊಡೆಯುವುದಕ್ಕೆ ಇನ್ನೂ ಕಾಲವಾಗಿಲ್ಲ. ಆದರೂ ನೂರೈವತ್ತು ವರ್ಷ ಕೈಕಟ್ಟಿ ನಿಂತಿದ್ದ ವೈದ್ಯವು ಈ ರೋಗದ ಎದುರಿಗೆ ಒಂದು ಹೆಜ್ಜೆ ಮುಂದಿಟ್ಟಿತೆಂಬುದು ಸಣ್ಣ ಮಾತಲ್ಲ.

ಈಗ ನಮ್ಮ ಊರುಗಳ ವಿಚಾರಕ್ಕೆ ಬರೋಣ. ಅರವತ್ತಕ್ಕೆ ಅರಳುಮರುಳು ಎಂಬ ಗಾದೆಯ ಮರೆಯಲ್ಲಿ ಎಷ್ಟು ಮನೆಗಳ ದುಃಖವು ಅಡಗಿಹೋಗಿದೆಯೋ ಹೇಳಲಾಗದು. ಮುಪ್ಪಿನಲ್ಲಿ ಮರೆವು ಸಹಜವೆಂದು ಮನೆಯವರು ಸುಮ್ಮನಾಗುತ್ತಾರೆ. ನಡುವಯಸ್ಸಿನವನ ಕೈಕಾಲು ಹಿಡಿತ ತಪ್ಪಿದರೆ ಕುಡುಕನೆಂದು ಬೀದಿಯವರು ನಗುತ್ತಾರೆ. ಗಾಳಿಯೋ ಮಾಟವೋ ಎಂದು ಬಂಧುಗಳು ಯಂತ್ರ ಕಟ್ಟಿಸುತ್ತಾರೆ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದರ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಬುದ್ಧಿಕ್ಷಯದ ರೋಗವುಂಟು. ಪಟ್ಟಣಗಳಲ್ಲಿ ಇದರ ಪ್ರಮಾಣವು ನೂರಕ್ಕೆ 5.3 ಆದರೆ ಹಳ್ಳಿಗಳಲ್ಲಿ 8.4. ಇದು ಪಟ್ಟಣದ ಸುಖವಾಸಿಗಳ ರೋಗವೆಂದು ಭಾವಿಸಿದವರು ಈ ಅಂಕಿಗಳನ್ನು ಗಮನಿಸಬೇಕು.

ಹಳ್ಳಿಯ ಮುಪ್ಪನ್ನು ಕುರಿತು ದೇಶದಲ್ಲಿಯೇ ಗಣ್ಯವಾದ ಸಂಶೋಧನೆಯೊಂದು ಚಿಂತಾಮಣಿಯ ಮಗ್ಗುಲಲ್ಲಿಯೇ ನಡೆಯುತ್ತಲಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಲವತ್ತೈದು ವರ್ಷ ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷವರ್ಷವೂ ಪರೀಕ್ಷಿಸಿ, ಮುಪ್ಪಿನಲ್ಲಿ ಮಿದುಳು ಹೇಗೆ ಮಾರ್ಪಡುವುದೆಂಬುದನ್ನು ಅರಿಯಬೇಕೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು ಸಂಕಲ್ಪಿಸಿತು. ಹೊಲದಿಂದ ಬಂದ ರೈತರೂ ಮನೆವಾರ್ತೆಯ ಹೆಂಗಸರೂ ರಕ್ತವನ್ನು ಕೊಟ್ಟಿದ್ದಾರೆ. ಮಿದುಳಿನ ಚಿತ್ರಕ್ಕೆ ಒಡ್ಡಿಕೊಂಡಿದ್ದಾರೆ. ನೆನಪಿನ ಪರೀಕ್ಷೆಗಳಿಗೆ ಉತ್ತರ ಹೇಳಿದ್ದಾರೆ. ಇವರ ಉಪಕಾರವು ಲೋಕಕ್ಕೆಲ್ಲ ಸಲ್ಲುವಂಥದು.

ಆದರೆ ಉಪಕಾರಕ್ಕೆ ಪ್ರತ್ಯುಪಕಾರವು ಬೇಡವೇ? ವೆನಿಜುವೆಲ ದೇಶದ ಮಾರಕೈಬೊ ಸರೋವರದ ದಂಡೆಯಲ್ಲಿ ಹಂಟಿಂಗ್ಟನ್ ರೋಗವು ತಲೆತಲಾಂತರದಿಂದ ಬೇರೂರಿದ ಹಳ್ಳಿಗಳಿವೆ. ನ್ಯಾನ್ಸಿ ವೆಕ್ಸ್ಲರ್ ಎಂಬ ವಿದುಷಿಯೂ ಅವರ ಜೊತೆಗಾರರೂ ಅಲ್ಲಿಗೆ ಹೋಗಿ ಸಾವಿರಾರು ಮಂದಿಯ ರಕ್ತವನ್ನು ಸಂಗ್ರಹಿಸಿದರು. ಆ ಬಡವರ ರಕ್ತದಿಂದಲೇ ರೋಗದ ಜೀನು ಲೋಕಕ್ಕೆ ತಿಳಿಯಿತು. ಅನಂತರ ಅದನ್ನು ನೆಮ್ಮಿ ಸಿರಿವಂತ ದೇಶಗಳಲ್ಲಿ ಔಷಧಗಳ ಪರೀಕ್ಷೆ ನಡೆಯಿತು. ರಕ್ತ ಕೊಟ್ಟ ಹಳ್ಳಿಗಳ ಬಡತನವು ಹಾಗೆಯೇ ಉಳಿಯಿತು. ಶ್ರೀನಿವಾಸಪುರದ ಹಳ್ಳಿಗರ ವಿಷಯದಲ್ಲಾಗಲಿ ನಮ್ಮ ನಾಲ್ಕು ಊರುಗಳ ವಿಷಯದಲ್ಲಾಗಲಿ ಇದೇ ಕಥೆ ನಡೆಯಕೂಡದೆಂಬುದು ನಮ್ಮ ದೃಢವಾದ ಅಭಿಪ್ರಾಯ. ಜ್ಞಾನವು ಇಲ್ಲಿಂದ ಹೋಗುವುದಾದರೆ ಮದ್ದೂ ಇಲ್ಲಿಗೆ ಬರಬೇಕು.

ಬರಬೇಕೆಂದು ಹೇಳಿದ ಮಾತ್ರಕ್ಕೆ ಬರುವುದಿಲ್ಲ. ಮೂಲದಲ್ಲಿ ತಡೆಯುವ ಮದ್ದಿಗೆ ಒಂದು ವಿಶೇಷವಾದ ನಿಯಮವುಂಟು: ಯಾವ ಜೀನು ಕೆಟ್ಟಿದೆಯೆಂಬುದು ಮೊದಲು ತಿಳಿಯದೆ ಅದನ್ನು ಕೊಡಲಾಗದು, ನರಕೋಶಗಳು ಸತ್ತ ಮೇಲೆ ಕೊಟ್ಟರೆ ಫಲವಿಲ್ಲ. ಜ್ವರದ ಗುಳಿಗೆಯಂತೆ ಎಲ್ಲರಿಗೂ ಹಂಚುವ ಔಷಧವಲ್ಲ ಇದು. ಸತ್ತ ನರಕೋಶವನ್ನು ಯಾವ ಮದ್ದೂ ಎಬ್ಬಿಸುವುದಿಲ್ಲ. ಎಂದಮೇಲೆ ರೋಗಿಯನ್ನು ಬೇಗ ಗುರುತಿಸುವುದೇ ಚಿಕಿತ್ಸೆಯ ಅರ್ಧಭಾಗ. ಗೌರಿಬಿದನೂರಿನ ಬಳಿಯಲ್ಲಿ 1965ರಲ್ಲಿ ಸ್ಥಾಪಿತವಾದ ಭೂಕಂಪನ ಮಾಪಕಗಳ ಸಾಲು ಸಾವಿರಾರು ಮೈಲಿ ದೂರದ ಅದುರನ್ನೂ ಕಾಲಿಗೆ ತಾಕದ ಮೊದಲೇ ಬರೆದುಕೊಳ್ಳುವುದನ್ನು ಆ ಊರಿನವರು ಬಲ್ಲರು. ನರಕೋಶವು ಒಡೆದಾಗ ಅದರ ಒಳತಂತುವಿನ ಚೂರುಗಳು ರಕ್ತಕ್ಕೆ ಇಳಿಯುವುದನ್ನು ಅಳೆಯುವ ಪರೀಕ್ಷೆಯೂ ಅಂಥದೇ. ಹೊರಗೆ ಲಕ್ಷಣ ಕಾಣುವುದಕ್ಕೆ ಮೊದಲೇ ಒಳಗಿನ ಹಾನಿಯ ಸುಳಿವನ್ನು ಅದು ಕೊಡಬಲ್ಲದು.

ಈ ದಾರಿಯಲ್ಲಿ ಒಂದು ಒಳ್ಳೆಯ ಆರಂಭವು ಚಿಕ್ಕಬಳ್ಳಾಪುರದಲ್ಲಿಯೇ ಆಗಿದೆ. ರಾಜ್ಯ ಸರಕಾರವೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಸೇರಿ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವನ್ನು ಹೂಡಿದಾಗ ಮೊದಲ ಪ್ರಯೋಗಕ್ಕೆ ಆರಿಸಿದ ಸ್ಥಳಗಳು ಮೂರು: ಬೆಂಗಳೂರಿನ ಜಯನಗರ, ಕೋಲಾರ ಮತ್ತು ಚಿಕ್ಕಬಳ್ಳಾಪುರ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಲೆನೋವು, ಮೂರ್ಛೆರೋಗ, ಲಕ್ವ, ಬುದ್ಧಿಕ್ಷಯಗಳನ್ನು ಗುರುತಿಸುವ ಶಿಕ್ಷಣವನ್ನು ಕೊಟ್ಟು, ಕಠಿಣ ರೋಗಿಗಳನ್ನು ಜಿಲ್ಲಾ ಆಸ್ಪತ್ರೆಯ ಮಿದುಳು ಚಿಕಿತ್ಸಾಲಯಕ್ಕೆ ಕಳುಹಿಸುವ ಏರ್ಪಾಡು ಇದು. ಮುಂದೆ ಇದು ಇತರ ಜಿಲ್ಲೆಗಳಿಗೂ ಹಬ್ಬಿತು. ಮೊದಲು ಕಣ್ಣುಬಿಟ್ಟ ಜಿಲ್ಲೆಯೆಂಬ ಗೌರವವನ್ನು ಉಳಿಸಿಕೊಳ್ಳುವ ಹೊಣೆ ಈಗ ನಮ್ಮದು.

ನಾವು ಸೂಚಿಸುವುದು ಇಷ್ಟು. ಮೊದಲನೆಯದಾಗಿ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ತಿಂಗಳಿಗೆ ಗೊತ್ತಾದ ದಿನ ನರರೋಗಗಳ ತಪಾಸಣೆ ನಡೆಯಬೇಕು. ನೂಲು ಬಿಚ್ಚುವ ಬಡ ಕೂಲಿಯು ಒಂದು ದಿನದ ದುಡಿಮೆಯನ್ನು ಬಿಟ್ಟು ಬೆಂಗಳೂರಿಗೆ ಹೋಗಿ, ಅಲ್ಲಿ ಸರದಿಯಲ್ಲಿ ನಿಂತು, ರಾತ್ರಿಗೆ ಮರಳುವುದು ಆಗದ ಮಾತು. ಎರಡನೆಯದಾಗಿ, ಒಂದೇ ಮನೆಯಲ್ಲಿ ಎರಡು ತಲೆಮಾರಿಗೆ ಇಂಥ ರೋಗ ಕಂಡುಬಂದರೆ ಆಶಾ ಕಾರ್ಯಕರ್ತೆಯರು ಅದನ್ನು ವೈದ್ಯರ ಗಮನಕ್ಕೆ ತರುವ ಕ್ರಮವಿರಬೇಕು. ಮೂರನೆಯದಾಗಿ, ಜೀನಿನ ಪರೀಕ್ಷೆಗೆ ಮೊದಲೂ ಅನಂತರವೂ ತಿಳಿವಳಿಕೆಯುಳ್ಳವರಿಂದ ಸಮಾಲೋಚನೆ ದೊರೆಯಬೇಕು. ಮದ್ದಿಲ್ಲದ ರೋಗದ ಸುದ್ದಿಯನ್ನು ಇಪ್ಪತ್ತರ ಹರೆಯದವನಿಗೆ ಹೇಳುವುದೆಂದರೆ ಶಿಕ್ಷೆಯನ್ನು ಓದಿ ಹೇಳಿದಂತೆ. ತಿಳಿಯಬೇಕೇ ಬೇಡವೇ ಎಂಬುದು ಅವನ ಸ್ವಾತಂತ್ರ್ಯ; ಅದನ್ನು ತಂದೆಯಾಗಲಿ ಮಾವನಾಗಲಿ ಸರಕಾರವಾಗಲಿ ಕಿತ್ತುಕೊಳ್ಳತಕ್ಕದ್ದಲ್ಲ.

ನಾಲ್ಕನೆಯದು ಗೋಪ್ಯದ ಮಾತು. ಸಣ್ಣ ಊರಿನಲ್ಲಿ ಒಂದು ಕುಟುಂಬದ ಹೆಸರು ಹೊರಬಿದ್ದರೆ ಆ ಮನೆಯ ಹೆಣ್ಣುಮಕ್ಕಳಿಗೆ ಗಂಡು ಸಿಗುವುದಿಲ್ಲ, ಗಂಡುಮಕ್ಕಳಿಗೆ ಕೆಲಸ ಸಿಗುವುದಿಲ್ಲ. ಈ ಭಯವಿರುವವರೆಗೆ ಯಾರೂ ಬಾಯಿ ಬಿಡುವುದಿಲ್ಲ. ಬಾಯಿ ಬಿಡದಿದ್ದರೆ ಮದ್ದು ಬಂದರೂ ಮನೆಯ ಬಾಗಿಲನ್ನು ಕಾಣದು. ದಾಖಲೆಗಳನ್ನು ಕಾಯುವ ಅಧಿಕಾರಿಗಳು ಇದನ್ನು ಬರಿಯ ಕಾಗದದ ವಿಷಯವೆಂದು ತಿಳಿಯದೆ ಒಂದು ಕುಟುಂಬದ ಮಾನವು ತಮ್ಮ ಕೈಯಲ್ಲಿದೆಯೆಂದು ಭಾವಿಸಿ ನಡೆಯಬೇಕು.

ಕೊನೆಯದಾಗಿ ಬೆಲೆಯ ಪ್ರಶ್ನೆ. 2021ರ ವಿರಳ ರೋಗಗಳ ರಾಷ್ಟ್ರೀಯ ನೀತಿಯಲ್ಲಿ ಗೊತ್ತಾದ ರೋಗಗಳಿಗೆ ಒಬ್ಬ ರೋಗಿಗೆ 50 ಲಕ್ಷ ರೂಪಾಯಿಯವರೆಗೆ ಸಹಾಯ ಕೊಡಬಹುದೆಂದು 2022ರಲ್ಲಿ ತೀರ್ಮಾನವಾಯಿತು. ಆದರೆ ಜೀವಮಾನವೆಲ್ಲ ಬೇಕಾಗುವ ವಿದೇಶದ ಔಷಧಕ್ಕೆ ಈ ಮೊತ್ತವು ಎಷ್ಟು ದಿನ ಬಂದೀತು? ನಿಜವಾದ ಪರಿಹಾರವು ನಮ್ಮಲ್ಲಿಯೇ ತಯಾರಿಸುವುದರಲ್ಲಿದೆ. ಬೆನ್ನುಹುರಿಯ ನರಗಳು ಸೊರಗುವ ಎಸ್‌.ಎಂ.ಎ. ಎಂಬ ರೋಗಕ್ಕೆ ಕೊಡುವ ರಿಸ್ಡಿಪ್ಲಾಮ್ ಔಷಧವನ್ನು ನೋಡಿರಿ. ಅದರ ಒಂದು ಬಾಟಲಿಗೆ ಸುಮಾರು 6 ಲಕ್ಷ ರೂಪಾಯಿ ಬೆಲೆಯಿತ್ತು. 2025ರ ಅಕ್ಟೋಬರಿನಲ್ಲಿ ಭಾರತೀಯ ಕಂಪನಿಯೊಂದು ಅದನ್ನೇ ತಯಾರಿಸಿ 15,900 ರೂಪಾಯಿಗೆ ಮಾರಲು ತೊಡಗಿತು. ನಕಲನ್ನು ತಡೆಯುವ ಔಷಧಗಳನ್ನು ತಯಾರಿಸುವುದು ಇದಕ್ಕಿಂತ ಕಷ್ಟವೇ ಸರಿ. ಆದರೆ ಅವೂ ರಸಾಯನಶಾಲೆಯಲ್ಲಿ ಅಕ್ಷರಕ್ಕೆ ಅಕ್ಷರ ಪೋಣಿಸಿ ಮಾಡುವ ಪದಾರ್ಥಗಳೇ ಹೊರತು ಮಾಯೆಯಲ್ಲ. ಬೆಂಗಳೂರಿನಂಥ ವಿದ್ಯಾಕೇಂದ್ರವನ್ನು ಪಕ್ಕದಲ್ಲಿಟ್ಟುಕೊಂಡ ನಾಡು ಈ ಕೈಗಾರಿಕೆಗೆ ಹಿಂಜರಿಯುವುದು ಶೋಭಿಸದು. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯು ಈ ಜಿಲ್ಲೆಯಲ್ಲಿಯೇ ಇದೆಯೆಂಬುದನ್ನು ನಾವು ಉತ್ಸವದ ದಿನ ಮಾತ್ರವೇ ನೆನೆಯಬೇಕಾದುದಲ್ಲ.

ಈ ನಡುವೆ ವಾಚಕರಿಗೆ ಒಂದು ಎಚ್ಚರಿಕೆಯ ಮಾತು. ಹೊಸ ವಿದ್ಯೆಯ ಹೆಸರು ಕಿವಿಗೆ ಬಿದ್ದೊಡನೆಯೇ ಅದನ್ನು ಮಾರಲು ಕೂಡುವ ವಂಚಕರೂ ಹುಟ್ಟಿಕೊಳ್ಳುವರು. ಮರೆವು ಕಳೆಯುವ ಇಂಜೆಕ್ಷನ್ನು, ನರ ಚಿಗುರಿಸುವ ಜೀವಕೋಶದ ಚಿಕಿತ್ಸೆ ಎಂದು ಹೊಲ ಮಾರಿಸಿ ಹಣ ಕೀಳುವವರನ್ನು ನಂಬಬಾರದು. ಆಲ್‌ಜೈಮರ್, ಪಾರ್ಕಿನ್ಸನ್ ರೋಗಗಳಲ್ಲಿ ಮೂಲದ ತಡೆಯು ಇನ್ನೂ ಪರೀಕ್ಷೆಯ ಹಂತದಲ್ಲಿಯೇ ಇದೆ. ಅಲ್ಲಿಯವರೆಗೆ ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಹತೋಟಿಯಲ್ಲಿಡುವುದು, ಕಿವಿ ಮಂದವಾದರೆ ತಕ್ಕ ಸಾಧನವನ್ನು ಹಾಕಿಕೊಳ್ಳುವುದು, ಮುದುಕರನ್ನು ಮೂಲೆಯಲ್ಲಿ ಕೂರಿಸದೆ ಮಾತಿಗೂ ಕೆಲಸಕ್ಕೂ ಎಳೆದುಕೊಳ್ಳುವುದು, ಇವು ಬುದ್ಧಿಕ್ಷಯವನ್ನು ಮುಂದೂಡಲು ಎಲ್ಲರ ಕೈಗೂ ಎಟುಕುವ ಉಪಾಯಗಳು.

ಮದ್ದು ಎಂದು ಬರುವುದೋ ಅಂದು ಅದನ್ನು ಪಡೆಯುವುದಕ್ಕೆ ಯೋಗ್ಯರಾದ ರೋಗಿಗಳ ಪಟ್ಟಿಯು ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಸಿದ್ಧವಾಗಿರಬೇಕು. ಹಾಗಿದ್ದರೆ ಒಂದು ತಲೆಮಾರು ಉಳಿದೀತು. ಇಲ್ಲದಿದ್ದರೆ ಮದ್ದು ಬಂದ ಮೇಲೆ ರೋಗಿಯನ್ನು ಹುಡುಕುತ್ತ ಹತ್ತು ವರ್ಷ ಕಳೆದೀತು, ಅಷ್ಟರಲ್ಲಿ ತಡೆಯಬಹುದಾಗಿದ್ದ ಹಾನಿಯು ತಡೆಯಲಾಗದ ಹಾನಿಯಾದೀತು. ಈ ಪಟ್ಟಿಯನ್ನು ತಯಾರಿಸುವುದಕ್ಕೆ ವಿದೇಶದ ವಿದ್ವಾಂಸರು ಬೇಕಾಗಿಲ್ಲ, ಕೋಟಿಗಟ್ಟಲೆ ಹಣವೂ ಬೇಕಾಗಿಲ್ಲ. ವೈದ್ಯರ ಶ್ರದ್ಧೆ, ಅಧಿಕಾರಿಗಳ ನಿಷ್ಠೆ, ನೆರೆಹೊರೆಯವರ ಮರ್ಯಾದೆ, ಈ ಮೂರಿದ್ದರೆ ಸಾಕು. ಜಿಲ್ಲೆಯ ಹಿರಿಯರೂ ಅಧಿಕಾರವರ್ಗದವರೂ ಈ ಕಾರ್ಯವನ್ನು ಬರುವ ವರ್ಷಕ್ಕೆ ತಳ್ಳದೆ ಕೈಗೆತ್ತಿಕೊಳ್ಳುವರೆಂದು ನಂಬಿದ್ದೇವೆ.